ಅಪ್ಪ ಕಲಿತ ಇಂಗ್ಲಿಷು

೧೪ ಸೆಪ್ಟೆಂಬರ್, ಭಾನುವಾರ

ನನ್ನ ಮುದ್ದಿನ ಸಿಡುಕಿಗೆ,

ಅಮ್ಮನ ಆಶೀರ್ವಾದ. ಫೋನು ತೆಗೆಯದ ಮಗಳಿಗೆ ಕಾಗದವೇ ಗತಿ. ಅದನ್ನು ಬರೆಯಲೂ ಇಷ್ಟು ದಿನ ಮೀನ ಮೇಷ ಎಣಿಸಿದೆ, ಕ್ಷಮಿಸು. ನೆಗಡಿ ವಾಸಿಯಾಯಿತೇ?

ಹುಡುಗನ ಅಪ್ಪ ಅಮ್ಮ ಬಂದಿದ್ದಾಗ ನಾನೊಬ್ಬಳೇ ವಟಗುಟ್ಟಿದೆ, ನಿಮ್ಮಪ್ಪ ತುಟಿ ಪಿಟಕ್ಕೆನ್ನಲಿಲ್ಲ ಎಂದು ನಿನಗೆ ಕೋಪ. ಅಪ್ಪನಿಗೆ ಈ ಸಂಬಂಧ ಇಷ್ಟವಿಲ್ಲವೇನೋ ಎಂದು ಬೀಗರೂ ಅಂದುಕೊಂಡರಂತೆ. ನೀನು ಅಪ್ಪನಿಗೆ ಹೇಳದೆಯೇ ಬಸ್ಸು ಹತ್ತಿದೆ. ಅಂದಿನಿಂದ ಅವರು ಅಂಗಡಿಯಲ್ಲಿ ರಿಪೇರಿಗೆ ಬಂದ ಸೈಕಲ್ಲಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತಾ ಕೂರುತ್ತಾರೆ.

ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆದರೂ ಹೇಳುತ್ತೇನೆ. ಬೀಗರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು, ನಡುವೆ ಇರುವುದು ಇಂಗ್ಲಿಷೊಂದೇ ಎಂದು ತಿಳಿದ ವಾರವೇ ನಿಮ್ಮಪ್ಪ ನಾನು ಹೇಳಿಕೊಡುವ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದರು. ಉಗುರಿನ ಗ್ರೀಸು ತಿಕ್ಕಿ ತಿಕ್ಕಿ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. "ಮನೇಲಿ ಬೈಯೋ ಹಾಗೆ ಇಲ್ಲಿ ಬೈಬೇಡಮ್ಮ ತಾಯಿ" ಎಂದು ನಗಿಸುತ್ತಿದ್ದರು.

ನನ್ನ ಕ್ಲಾಸಿನ ಪದ್ಧತಿ ಗೊತ್ತಲ್ಲ, ತಪ್ಪಿದವರು ಬೋರ್ಡಿನ ಪಕ್ಕ ನಿಂತು, ಸರಿಯಾಗುವವರೆಗೂ ಹೇಳಬೇಕು. ಅಂದು 'ಹಿಯರ್', 'ಲಿಸನ್', 'ಆಸ್ಕ್' ಪಾಠ. ಮೂರಕ್ಕೂ ನಮಗೆ 'ಕೇಳು' ಒಂದೇ ಸಾಕು, ಇಂಗ್ಲಿಷಿಗೆ ಸಾಲದು. ಹೆಂಡತಿಯ ಹತ್ತಿರ ನೀರು ಕೇಳಿದೆ ಎನ್ನಲು ಹೋಗಿ ನಿಮ್ಮಪ್ಪ "ಐ ಹಿಯರ್ ವಾಟರ್ ಟು ವೈಫ್" ಎಂದರು. ಗಂಡನೆಂದು ಬಿಟ್ಟರೆ ಉಳಿದವರು ಏನಂದಾರು ಎಂಬ ಬಿಗುಮಾನ ನನಗೆ. ಅವರನ್ನೂ ನಿಲ್ಲಿಸಿದೆ. ಅದೂ ಸಾಲದೆಂಬಂತೆ ಅವರ ದನಿಯಲ್ಲೇ ಅಣಕಿಸಿದೆ. ಕ್ಲಾಸೆಲ್ಲ ಗೊಳ್ಳೆಂದಿತು. ಅವರೂ ನಕ್ಕರು. ಮಾರನೆಯ ದಿನ "ಅಂಗಡೀಲಿ ಕೆಲಸ ಜಾಸ್ತಿ ಕಣೇ" ಎಂದವರು ಮತ್ತೆ ಬರಲಿಲ್ಲ. ನಾನೂ ನಂಬಿದವಳಂತೆ ಸುಮ್ಮನಾದೆ.

ಆದ್ದರಿಂದ ಕೋಪವೆಲ್ಲ ನನ್ನ ಮೇಲಿರಲಿ. ಬೀಗರಿಗೆ ನಾನೇ ಬರೆಯುತ್ತೇನೆ. ನೀನು ಅಪ್ಪನಿಗೊಂದು ಫೋನು ಮಾಡು. ನೂರು ಕಾಲ ನಗುನಗುತ್ತಾ ಬಾಳು ಮಗಳೇ.

ನಿನ್ನ
ಅಮ್ಮ

ತಾ.ಕ.: ಇಷ್ಟು ಬರೆದರೂ ಅಸಲು ಮಾತು ಗಂಟಲಲ್ಲೇ ಉಳಿದಿದೆ. ಅಪ್ಪ ಕಲಿಯುವುದನ್ನು ಬಿಟ್ಟಿರಲಿಲ್ಲ. ಬೀಗರು ಬರುವ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವರಿಗೆ ಹೇಳಲೆಂದು ಇಂಗ್ಲಿಷಿನಲ್ಲಿ ತಾವೇ ಕೂಡಿಸಿಕೊಂಡಿದ್ದ ಮಾತನ್ನು ನನಗೆ ಒಪ್ಪಿಸಿದರು: ನಮ್ಮ ಮಗಳು ಕೋಪ ಬಂದರೆ ಊಟ ಬಿಡುತ್ತಾಳೆ, ಬೇಡ ಅಂದರೂ ಇನ್ನೊಮ್ಮೆ ಕರೆಯಿರಿ. "ಸರಿಯಾಗಿದ್ಯಾ?" ಎಂದರು. ತಪ್ಪುಗಳಿದ್ದವು, ಆದರೆ ಯಾರಿಗಾದರೂ ಅರ್ಥವಾಗುತ್ತಿತ್ತು. ನಾನು ಒಲೆಯಿಂದ ತಲೆಯೆತ್ತದೆ, "ನೀವು ಸುಮ್ನೆ ಕೂತಿರಿ ಸಾಕು, ನನ್ನ ಮಾನ ಉಳಿಸಿ" ಅಂದೆ. ಉಳಿಸಿದರು.