ಒದ್ದೆ ಬಟ್ಟೆ ಹೊದ್ದ ಯಂತ್ರ

ಮೇ ೧೪, ಬುಧವಾರ. ಚೆಂಬೂರು.

ಮೂರು ವಾರದ ಕೆಲಸ ಮಣ್ಣುಪಾಲು. ಸೋಮವಾರ ಇಂಟರ್‌ವ್ಯೂ, ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ.

ಹವಾಮಾನದ ಕೆಲಸ ಬೇಕಾದರೆ ಡಿಗ್ರಿ ಸಾಲದು, ನೀನೇ ಹೋಗಿ ಅಳೆದು ತಂದದ್ದು ಏನಾದರೂ ಇರಬೇಕು ಅಂತ ಕಾಲೇಜಿನಲ್ಲಿ ಸಾಧನಾ ಮೇಡಂ ಹೇಳುತ್ತಲೇ ಬಂದರು. ಅದಕ್ಕೇ ಮಾನ್‌ಖುರ್ದ್‌ನಲ್ಲಿ ವಿಜಯಪುರದಿಂದ ಬಂದು ನೆಲೆಸಿದ ಶರಣವ್ವನವರ ತಗಡಿನ ಖೋಲಿಯಲ್ಲಿ ಸೆಕೆ ಅಳೆಯುವ ಯಂತ್ರ ತೂಗುಹಾಕಿದ್ದೆ. ತುಂಬ ದುಬಾರಿ, ಜೋಪಾನ ಅಂತ ಹೇಳಿದವಳೂ ನಾನೇ.

ಇವತ್ತು ತರಲು ಹೋದರೆ ಅದು ಗೋಡೆಯ ಮೇಲಿಲ್ಲ. ನೀರಿನ ಮಡಕೆಗೆ ಒರಗಿ, ಒದ್ದೆ ಬಟ್ಟೆ ಹೊದ್ದುಕೊಂಡು ಕೂತಿದೆ.

"ಕಾದು ಕೆಟ್ಟೀತಂತ ಅವತ್ತs ತಗದು ಫ್ಯಾನಿನ ಬುಡಕ ಇಟ್ಟೀನಿ ನೋಡವ್ವ," ಅಂದರು ಶರಣವ್ವ. ಮುಖದ ತುಂಬ ಸಮಾಧಾನ. ಏನಂತ ಬೈಯಲಿ.

ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಯಂತ್ರದ ಲೆಕ್ಕದಲ್ಲಿ ಆ ಖೋಲಿ ನಮ್ಮ ಫ್ಲ್ಯಾಟಿಗಿಂತ ತಂಪು. ಇನ್ನೇನು ಮಳೆ ಬರುತ್ತೆ, ಮತ್ತೆ ಅಳೆಯಬೇಕಾದರೆ ಮುಂದಿನ ಬೇಸಿಗೆಯೇ. ಅಪ್ಪ ಊಟಕ್ಕೆ ಕೂತಾಗ, "ಬ್ಯಾಂಕ್ ಪರೀಕ್ಷೆ ಬರಿ ಅಂದೆ, ಕೇಳಿದ್ಯಾ," ಅಂದರು. ತಟ್ಟೆ ಬಿಟ್ಟು ಎದ್ದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಲಗಿದರೂ ಒಂದು ವಿಷಯ ಬಿಡುತ್ತಿಲ್ಲ. ಆ ಖೋಲಿಗೆ ಇರುವುದು ಒಂದೇ ಫ್ಯಾನು. ಮೊದಲ ದಿನ ಹೋದಾಗ ಅದರ ಕೆಳಗೆ ಶರಣವ್ವನವರ ಚಾಪೆ ಹಾಸಿತ್ತು. ಇವತ್ತು ಆ ಚಾಪೆ, ನಾನು ಯಂತ್ರ ತೂಗುಹಾಕಿದ್ದ ತಗಡಿನ ಗೋಡೆಯ ಪಕ್ಕ ಇತ್ತು. ಮೂರು ವಾರ ಅವರು ಅಲ್ಲೇ ಮಲಗಿದ್ದಾರೆ, ಫ್ಯಾನು ಯಂತ್ರಕ್ಕೆ ಬಿಟ್ಟುಕೊಟ್ಟು.