ಥರ್ಮಾಸ್ ತೆಗೆದು ಸೀರೆ ಇಟ್ಟವರಿಗೆ

ಬ್ಯಾಡಗಿ
ಸೋಮವಾರ, 1 ಮಾರ್ಚ್ 2004

ಶ್ರೀಶೈಲ ಮಲ್ಲಯ್ಯನ ಪಾದಯಾತ್ರಿಗಳಾದ ರುದ್ರಮುನಿಯವರಿಗೆ, ಮನೆಯಲ್ಲೇ ಉಳಿದ ಪಾಪಿ ಹೆಂಡತಿ ಸುರೇಖಾಳ ನಮಸ್ಕಾರ.

ಮಧ್ಯಾಹ್ನ ಮೂರೂವರೆಗೆ ಫ್ರಿಜ್ಜಿನ ಬಾಗಿಲು ಧಡ್ ಎಂದಿತು, ಎಚ್ಚರವಾಯಿತು. ರಾತ್ರಿಯಿಡೀ ಕೂಸು ಶಿಲ್ಪಾ ಮೆಣಸಿನಕಾಯಿ ಘಾಟಿಗೆ ಕೆಮ್ಮಿ, ಆಗಷ್ಟೇ ಮಲಗಿದ್ದಳು. ಅವಳ ಪಕ್ಕ ನನಗೂ ಕಣ್ಣು ಹತ್ತಿತ್ತು. ಕೊತ್ತಂಬರಿ ತೆಗೆಯಲು ಹೋದ ಅತ್ತೆ ಅದರ ಕೆಳಗೆ ಸಿಕ್ಕಿತೆಂದು ನಿಮ್ಮ ಕರವಸ್ತ್ರದ ಗಂಟು ತಂದು ಕೊಟ್ಟರು. ಬಿಚ್ಚಿದೆ. ನಿನ್ನೆ ನಾನು ನಿಮ್ಮ ಬ್ಯಾಗಿನಲ್ಲಿಟ್ಟ ಇನ್ಸುಲಿನ್ ಬಾಟಲಿಗಳು, ಸಿರಿಂಜು, ಎಲ್ಲ ಅಲ್ಲಿದ್ದವು. ಥರ್ಮಾಸ್ ಒಲೆಯ ಮೇಲಿನ ಮಾಡದಲ್ಲಿತ್ತು, ಖಾಲಿ.

ಭೇಷ್. ಕಳ್ಳರೂ ಬಚ್ಚಿಡುವ ಮುಂಚೆ ಇಷ್ಟು ಯೋಚನೆ ಮಾಡುತ್ತಾರೆ, ಕೊತ್ತಂಬರಿ ದಿನಾ ಬೇಕಾಗುವ ವಸ್ತು ಅಂತ.

ಆ ಬ್ಯಾಗು ತುಂಬಲು ನಾನು ಅರ್ಧ ದಿನ ಕಳೆದಿದ್ದೆ. ಹುಬ್ಬಳ್ಳಿಯಿಂದ ತಂದ ಬ್ಯಾಗು, ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಕಾಲಿಗೆ ಚಪ್ಪಲಿ ಇಲ್ಲದ ಭಕ್ತರಿಗೆ ಬೆನ್ನಿಗೆ ಮಾತ್ರ ಫಾರಿನ್ ಚೀಲ! ತಳಕ್ಕೆ ಜಮಖಾನೆ, ಮೇಲೆ ಬಟ್ಟೆ, ಬದಿಗೆ ಗಾಯದ ಮುಲಾಮು, ನಡುವೆ ಮಂಜುಗಡ್ಡೆ ಹಾಕಿದ ಥರ್ಮಾಸ್. ಮೊಬೈಲು ಮಾಯೆ ಎಂದು ನಿಮ್ಮ ತಂಡದ ಹಿರಿಯರಾದ ಸಿದ್ದಲಿಂಗಪ್ಪನವರು ಬಿಡಿಸಿದರು. ಕ್ಯಾಮೆರಾ ಮಾಯೆಯಲ್ಲವಂತೆ, ಅದು ನಿಮ್ಮ ಜೊತೆ ಹೋಯಿತು.

ಆಮೇಲೆ ಓಣಿಯ ಹೆಂಗಸರು ಬಂದರಲ್ಲ. ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯ ಮನೆಮಗಳು, ಮಲ್ಲಯ್ಯ ಅಳಿಯ, ಯುಗಾದಿಗೆ ತವರಿನಿಂದ ಸೀರೆ ಹೋಗಲೇಬೇಕು. ಗುತ್ತೆವ್ವ ಇಳಕಲ್ ಸೀರೆ ತಂದರೆ ಪ್ರೇಮವ್ವ ಅದಕ್ಕಿಂತ ದಪ್ಪ ಅಂಚಿನದು ತಂದಳು. ದೇವಿಗೆ ಯಾವುದು ಕಾಣಬೇಕೋ ಗೊತ್ತಿಲ್ಲ, ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿ ಕಂಡಿತು. ಯಾರಿಗೂ ಇಲ್ಲ ಎನ್ನಲಾರದ ನೀವು ಎಲ್ಲವನ್ನೂ ಇಸಿದುಕೊಂಡಿರಿ. ಬ್ಯಾಗು ಮುಚ್ಚಲಿಲ್ಲ. ಇವತ್ತು ನಸುಕಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಥರ್ಮಾಸ್ ತೆಗೆಯುತ್ತಿದ್ದಿರಂತೆ. ಏನಪ್ಪಾ ಅದು ಎಂದು ಅತ್ತೆ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ಅವರು ಹೆಮ್ಮೆಯಿಂದ ನನಗೆ ಹೇಳಿದರು: “ಮಗಳ ಸೀರಿ ಬಿಟ್ಟು ನನ್ನ ಸೂಜಿ ಒಯ್ಯಲೇನವ್ವಾ?”

ಎಷ್ಟು ದೊಡ್ಡ ಮನಸ್ಸು! ಆ ಮಗಳಿಗೆ ಸೀರೆಗೇನೂ ಕೊರತೆಯಿಲ್ಲ. ಇಲ್ಲಿ ಹಲ್ಲು ಬರುತ್ತಿರುವ ಇನ್ನೊಬ್ಬ ಮಗಳಿದ್ದಾಳೆ, ಅವಳಿಗೆ ಇರುವುದು ಒಬ್ಬನೇ ಅಪ್ಪ.

ಸಿದ್ದಲಿಂಗಪ್ಪನವರಿಗೆ ನಿಮ್ಮ ಕಾಯಿಲೆ ಗೊತ್ತು, ನಾನೇ ಹೇಳಿದ್ದೆ. “ಮಲ್ಲಯ್ಯನ ದಾರ್ಯಾಗ ನಡದ್ರ ಸಕ್ಕರಿ ತಾನ ಕರಗ್ತದ ತಂಗಿ” ಎಂದರು. ಸಕ್ಕರೆ ಕರಗುವುದು ಚಹಾದಲ್ಲಿ. ಕಳೆದ ದೀಪಾವಳಿಯಲ್ಲಿ ಎರಡು ದಿನ ಸೂಜಿ ಬಿಟ್ಟಿದ್ದಿರಿ, ಏನಾಯಿತು? ಹಾವೇರಿ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಿ. ಪಿತ್ತ ಕೆರಳಿತ್ತು ಎಂದು ಅತ್ತೆಗೆ ಸುಳ್ಳು ಹೇಳಿಸಿದಿರಿ. ಸೂಜಿಗೆ ಶಕ್ತಿ ಇಂಜೆಕ್ಷನ್ ಎಂದು ಹೆಸರಿಟ್ಟಿರಿ. ಇವತ್ತು ಕದರಮಂಡಲಗಿಯಲ್ಲಿ ಯಾತ್ರಿಗಳಿಗೆ ಬೆಲ್ಲ ಸುರಿದ ಗೋಧಿ ಹುಗ್ಗಿ ಇತ್ತಂತೆ. ಬೇಡ ಎಂದರೆ ನೀಡುವವರಿಗೆ ನೋವಾಗುತ್ತದೆ ಎಂದು ಎರಡನೇ ಸಲವೂ ತಟ್ಟೆ ಒಡ್ಡಿರುತ್ತೀರಿ. ಮುಂದಿನ ಊರುಗಳಲ್ಲೂ ಪುಣ್ಯವಂತರಿದ್ದಾರೆ, ಅವರೂ ಹುಗ್ಗಿ ಮಾಡಿರುತ್ತಾರೆ.

ಈ ನಡಿಗೆ ಯಾವ ಹರಕೆಗೆ ಎಂದು ಅತ್ತೆ ಇವತ್ತೇ ಬಾಯಿ ಬಿಟ್ಟರು. ಹೆರಿಗೆಯಲ್ಲಿ ನನಗೆ ರಕ್ತ ನಿಲ್ಲದಿದ್ದಾಗ ಬೇಡಿಕೊಂಡಿರಂತೆ. ಅಂದು ರಕ್ತ ಕೊಟ್ಟವರು ಎದುರುಮನೆಯ ಶಮಶೇರಸಾಬರು. ಅವರು ಇದುವರೆಗೆ ನನ್ನಿಂದ ಸೀರೆಯನ್ನಾಗಲಿ ಪಾದಯಾತ್ರೆಯನ್ನಾಗಲಿ ಕೇಳಿಲ್ಲ. ನನ್ನನ್ನು ಉಳಿಸಿದ್ದಕ್ಕೆ ನೀವು ಸಾಯುವುದಾದರೆ ಅದು ಯಾವ ಲೆಕ್ಕದ ಹರಕೆ? ಒಂದು ಮಾತು ನನಗೆ ಹೇಳಬಾರದಿತ್ತೇ?

ಹೊಸ್ತಿಲು ದಾಟಿದ ಯಾತ್ರಿಯನ್ನು ಹೆಂಡತಿ ಹಿಂದಿನಿಂದ ಕರೆಯಬಾರದಂತೆ, ಹಿಂದೆ ಹೋಗಲೂಬಾರದಂತೆ. ಪತ್ರ ಬರೆಯಬಾರದು ಎಂದು ಯಾರೂ ಹೇಳಿಲ್ಲ. ನನ್ನ ಬಿ.ಎ.ಗೆ ಈ ಮನೆಯಲ್ಲಿ ಯಾರೂ ಅಷ್ಟು ಹೆದರಿಲ್ಲ. ಶಮಶೇರಸಾಬರ ಲಾರಿ ಮೆಣಸಿನಕಾಯಿ ಚೀಲ ಹೇರಿಕೊಂಡು ಸಂಜೆ ರಾಣೇಬೆನ್ನೂರಿನ ಮೇಲೆ ಹೋಗುತ್ತದೆ. ಇವತ್ತು ರಾತ್ರಿ ಅಲ್ಲಿ ನೀವು ತಂಗುವ ಮಠಕ್ಕೆ ಅವರೇ ಬಂದು ಈ ಪತ್ರ, ಔಷಧ ತುಂಬಿದ ಥರ್ಮಾಸ್ ಕೊಡುತ್ತಾರೆ. ಜಾಗ ಇಲ್ಲದಿದ್ದರೆ ಸೀರೆಗಳನ್ನು ಸಿದ್ದಲಿಂಗಪ್ಪನವರ ಹೆಗಲಿಗೆ ಹಾಕಿ. ಪುಣ್ಯ ಅವರಿಗೂ ಸ್ವಲ್ಪ ಸೇರಲಿ.

ಇಂತಿ, ನೀವು ಕೇಳದೇ ಉಳಿಸಿಕೊಂಡ
ಸುರೇಖಾ

ತಾ.ಕ.: ಪತ್ರ ಮಡಚುವಾಗ ಅತ್ತೆ ಬಾಟಲಿ ಹಿಡಿದುಕೊಂಡು ಬಂದು, ಇದು ಖರೇ ಶಕ್ತಿ ಔಷಧವೇ ಎಂದು ಕೇಳಿದರು. ನನಗೆ ಇನ್ನು ಸುಳ್ಳು ಹೇಳಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ನೆಲಕ್ಕೆ ಕುಳಿತರು. “ಅವರಪ್ಪಗೂ ಇದ ಇತ್ತವಾ. ನನಗ ಯಾರೂ ಹೇಳಲಿಲ್ಲ. ಸತ್ತ ಮ್ಯಾಲ ಡಾಕ್ಟರ್ ಹೇಳಿದ್ರು” ಎಂದರು. ಈಗ ಫೋನಿನ ಮುಂದೆ ಕುಳಿತಿದ್ದಾರೆ. ಚಹಾಕ್ಕೆ ಕರೆದರೂ ಏಳುತ್ತಿಲ್ಲ. ಮೇಲೆ ಬರೆದದ್ದಕ್ಕೆ ಸಿಟ್ಟು ಬಂದರೆ ಬರಲಿ, ಬೇಕಾದಷ್ಟು ಬೈಯಿರಿ. ವಾಪಸ್ ಬನ್ನಿ ಎನ್ನುವುದಿಲ್ಲ, ಯಾತ್ರೆ ಮುಗಿಸಿಯೇ ಬನ್ನಿ. ನಾಳೆ ನಸುಕಿಗೆ ನೀವು ಹೊರಟುಬಿಟ್ಟರೆ ಯಾವ ಊರಲ್ಲಿ ಹುಡುಕಲಿ? ಸೂಜಿ ಹಾಕಿಕೊಂಡೆ ಎಂಬ ಒಂದೇ ಮಾತು ಸಾಕು. ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತ್ ತಡವಾಗಿ ಮುಚ್ಚುತ್ತದೆ, ಮುಚ್ಚಿದ್ದರೆ ಯಾರ ಬಾಗಿಲನ್ನಾದರೂ ಬಡಿಯಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿರಿ.