ಇವರು ಸುರಿದ ಎಣ್ಣೆ

೧೨ ಜೂನ್ ೨೦೨೧, ಶನಿವಾರ. ಪುಚೊಂಗ್, ಮಲೇಷ್ಯಾ.

ಎಂಜಿನ್ ತಿರುಗಿತು. ಅದಕ್ಕೇ ನಿದ್ದೆ ಬರುತ್ತಿಲ್ಲ.

ಕೊರೋನಾ ಆಗಿ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಇವರು ಕೆಮ್ಮುತ್ತಲೇ ಹಳೇ ಮಸ್ಟಾಂಗ್ ಕಾರಿನ, ತುಕ್ಕಿಗೆ ತಿರುಗದೆ ಕಚ್ಚಿಕೊಂಡಿದ್ದ ಎಂಜಿನಿಗೆ ಸ್ಪಾರ್ಕ್ ಪ್ಲಗ್ ತೂತುಗಳಿಂದ ಎಣ್ಣೆ ಸುರಿದಿದ್ದರು. "ನಫೀಸಾ, ಒಂದು ವಾರ ನೆನೆಯಲಿ. ಬಂದು ತಿರುಗಿಸ್ತೇನೆ" ಅಂದರು. ಆರು ವಾರವಾಯಿತು. ಇವರನ್ನು ಮಣ್ಣು ಮಾಡಿದ್ದನ್ನೂ ನಾನು ಫೋನಿನಲ್ಲೇ ನೋಡಿದ್ದು.

ಲಾಕ್‌ಡೌನಿನಿಂದ ಮೆಕ್ಯಾನಿಕ್ ಸೆಲ್ವಂ ಬರುವಂತಿಲ್ಲ. ವಿಡಿಯೊ ಕಾಲಿನಲ್ಲಿ ದಿನಾ ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಒಂದೇ ಮಾತು: "ಅಕ್ಕಾ, ಅದು ಏಳಲ್ಲ. ಜಪಾನಿನ ಎಂಜಿನ್ ಒಂದು ಕೂರಿಸೋಣ ಲಾ." ಕಾರಿನ ಜೊತೆ ಹುಟ್ಟಿದ ಎಂಜಿನ್ನೇ ಇರಬೇಕು ಅಂದೆ. "ಗಫೂರ್ ಭಾಯಿಗಿಂತ ನೀವೇ ಹಟಮಾರಿ" ಅಂತ ಇವರ ಹೆಸರೆತ್ತಿ ನಕ್ಕ.

ಇವತ್ತು ಸಂಜೆ ಎಂಜಿನಿನ ಮುಂದಿನ ಬೋಲ್ಟಿಗೆ ಉದ್ದದ ಸ್ಪ್ಯಾನರ್ ಹಾಕಿ ಮೈಭಾರವೆಲ್ಲ ಬಿಟ್ಟೆ. ಬೆರಳಗಲ ಸರಿಯಿತು. ಮತ್ತೆ ಒತ್ತಿದೆ, ಪೂರ್ತಿ ಒಂದು ಸುತ್ತು ಬಂತು. ಸೆಲ್ವಂ ಫೋನಿನಲ್ಲೇ ಕೂಗಿದ. ನಾನೂ ನಕ್ಕುಬಿಟ್ಟೆ. ಇವರು ಹೋದ ಮೇಲೆ ಮೊದಲ ಸಲ. ಆಮೇಲೆ ನಾಚಿಕೆಯಾಯಿತು.

"ನಾಳೆ ಬೆಳಿಗ್ಗೆನೇ ಆ ಎಣ್ಣೆ ಪೂರ್ತಿ ಇಳಿಸಿಬಿಡಿ ಅಕ್ಕಾ. ತುಕ್ಕೆಲ್ಲ ಅದರಲ್ಲಿ ಇಳಿದಿದೆ, ಬಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತೆ" ಅಂದ.

ಹೂಂ ಅಂದೆ. ಇವರ ಅಂಗಿಗಳನ್ನು ಒಗೆಯುವಾಗ ಇಷ್ಟು ಕಷ್ಟವಾಗಿರಲಿಲ್ಲ. ಈ ಎಣ್ಣೆ ಇವರು ಕೊನೆಗೆ ಕೈಯಾರೆ ಮಾಡಿದ ಕೆಲಸ. ಎರಡು ಸಲ ಎದ್ದು ಹೋಗಿ ಬಾನೆಟ್ ಎತ್ತಿ ನೋಡಿ ಬಂದೆ. ಇಳಿಸದಿದ್ದರೆ ಎಂಜಿನ್ ಹೋಗುತ್ತದೆ, ಅದು ಗೊತ್ತು. ಕೆಳಗಿಡಲು ಅಡುಗೆಮನೆಯಿಂದ ಬೋಗುಣಿ ತಂದೆ, ಮತ್ತೆ ಒಳಗೇ ಇಟ್ಟೆ. ಇಳಿದ ಎಣ್ಣೆಯನ್ನು ಎತ್ತಿಡಲು ಮುಚ್ಚಳ ಇರುವ ಡಬ್ಬಿಯೇ ಬೇಕು, ಗಟ್ಟಿಯಾಗಿ ಕೂರುವ ಮುಚ್ಚಳ.